ಹುಬ್ಬಳ್ಳಿಗೆ ಏಳು ಮನೆ

ಮಗ ಯಾವ ಯುನಿವರ್ಸಿಟಿಗೆ ಹೋಗಬೇಕು ಎಂಬುದನ್ನು ಕಾಶೀಬಾಯಿ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ನೋಡುತ್ತಿದ್ದಳು. ಫೀ ಮತ್ತು ಪುಸ್ತಕದ ಚಿಂತೆ ಅವಳಿಗಿರಲಿಲ್ಲ. ಗಂಡ ಪಾಂಡುರಂಗರಾಯರು ಜಮಖಂಡಿ ಸಂಸ್ಥಾನದ ಖಜಾನೆಯಲ್ಲಿ ಕಾರಕೂನರಾಗಿದ್ದು, ನಾಲ್ಕು ವರ್ಷದ ಹಿಂದೆ ತೀರಿಕೊಳ್ಳುವಾಗ ಅಷ್ಟಕ್ಕೆ ಸಾಲುವಷ್ಟು ಬಿಟ್ಟುಹೋಗಿದ್ದರು. ಮಲಗುವುದಕ್ಕೆ ಹುಬ್ಬಳ್ಳಿಯ ಒಂದು ಮಠದಲ್ಲಿ ಕೋಣೆಯೂ ಸಿಕ್ಕಿತ್ತು. ಹೊಟ್ಟೆಯದೊಂದೇ ಪ್ರಶ್ನೆ.

ಬಡ ಬ್ರಾಹ್ಮಣರ ಹುಡುಗರು ಊರು ಬಿಟ್ಟು ಕಲಿಯಹೊರಟರೆ ವಾರ ಹಚ್ಚುವ ರೂಢಿ ಹಿಂದಿನಿಂದ ಬಂದದ್ದು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಒಂದೊಂದು ಮನೆಯವರು ವಾರಕ್ಕೊಮ್ಮೆ ಮಧ್ಯಾಹ್ನ ಒಂದು ಎಲೆ ಹೆಚ್ಚಿಗೆ ಹಾಕಿದರೆ ಹುಡುಗನ ವಿದ್ಯೆ ಸಾಗುತ್ತಿತ್ತು. ಆದ್ದರಿಂದ ಏಳು ಮನೆ ಸಿಕ್ಕ ಊರೇ ಅವನ ಯುನಿವರ್ಸಿಟಿ. ಅದು ಸಾವಿರದ ಒಂಬೈನೂರ ಐವತ್ತೊಂದರ ಜೂನ್ ತಿಂಗಳು. ಸಂಸ್ಥಾನ ಮುಳುಗಿ ಮುಂಬಯಿ ಸರಕಾರ ಬಂದು ಮೂರು ವರ್ಷವಾಗಿತ್ತು. ಜೋಳಕ್ಕೂ ಅಕ್ಕಿಗೂ ರೇಷನ್ನಿನ ಸಾಲು ಇನ್ನೂ ನಿಂತೇ ಇತ್ತು. ಮುಂಬಯಿ ಯುನಿವರ್ಸಿಟಿಯ ಮಾತು ಮೊದಲ ದಿನವೇ ಬಿದ್ದುಹೋಯಿತು. ಅಲ್ಲಿ ನೆಂಟರು ಬೇಕಾದಷ್ಟು ಇದ್ದರು. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದ ಹೊಟ್ಟೆಯನ್ನು ಒಳಗೆ ಬಿಟ್ಟುಕೊಳ್ಳುವ ನೆಂಟರು ಮಾತ್ರ ಒಬ್ಬರೂ ಇರಲಿಲ್ಲ.

ಧಾರವಾಡದ ಹೊಸ ಯುನಿವರ್ಸಿಟಿಗೆ ಸೇರಿದ ಹುಬ್ಬಳ್ಳಿಯ ಕಾಮರ್ಸ್ ಕಾಲೇಜಿಗೆ ಹೆಸರು ಹಚ್ಚಲು ಇಪ್ಪತ್ತನೆಯ ತಾರೀಖು ಕೊನೆ. ಗೋಡೆಯ ಮೇಲೆ ರವಿವಾರ, ಸೋಮವಾರ, ಬುಧವಾರ, ಶನಿವಾರಗಳ ಮುಂದೆ ಗೆರೆ ಬಿದ್ದಿತ್ತು. ನಾಲ್ಕು ದಿನ. ಅಷ್ಟಕ್ಕೇ ಕಾಶೀಬಾಯಿ ಎರಡು ತಿಂಗಳು ಲೋಕಾಪುರದ ತವರಿನವರಿಂದ ಹಿಡಿದು ಯಾರು ಯಾರಿಗೋ ಕಾರ್ಡು ಬರೆದು ಕೈ ಸೋತಿದ್ದಳು. ಉಳಿದ ಮೂರು ದಿನ ಖಾಲಿ.

"ಗ್ವಾಡಿ ಮ್ಯಾಲೆ ಬರದ್ರ ಹೊಟ್ಟಿ ತುಂಬ್ತದೇನ, ಕಾಶೀ?" ಎಂದಳು ನೆಗೆಣ್ಣಿ ರತ್ನಾಬಾಯಿ, ಹಿತ್ತಲ ಬಾಗಿಲಲ್ಲಿ ನಿಂತು.

"ನಿಮ್ಮ ಮಾತು ಕೇಳಿ ಕೇಳಿ ನಮ್ಮ ಹೊಟ್ಟಿ ಎಂದೋ ತುಂಬೇದ, ಅಕ್ಕಾವ್ರ."

"ಹೌದವಾ, ನಾಲಿಗಿ ಒಂದು ಉದ್ದ ಇಟ್ಟಾನ ದೇವರು ನಿನಗ. ಅದನ್ನ ಮಗಗ ಬುತ್ತಿ ಕಟ್ಟಿ ಕಳಸು. ಮೂರು ದಿನ ಅದನ್ನ ತಿಂದಿರಲಿ!"

ರತ್ನಾಬಾಯಿ ಹೀಗೆ ಮಾತಾಡುವುದು ಸಿಟ್ಟು ಬಂದಾಗ ಎಂದು ತಿಳಿಯಬೇಡಿ. ಅದು ಅವಳ ದಿನದ ಮಾತು. ಸಿಟ್ಟು ಬಂದರೆ ಬೇರೆಯೇ ಇತ್ತು.

ಅವಳ ಗಂಡ ಕೃಷ್ಣಾಜಿರಾಯರು ಪಾಂಡುರಂಗರಾಯರ ಅಣ್ಣ, ಖಾಸನೀಸರ ಈ ಕೂಡುಮನೆಯ ವಾಡೆಗೆ ಯಜಮಾನರು, ಸಂಸ್ಥಾನದ ಕಾಲದ ಶಿರಸ್ತೇದಾರರು, ಈಗ ಪಿಂಚಣಿಯವರು. ಹಿರಿಯ ಭಾವನ ಎದುರಿಗೆ ಬಂದು ಮಾತಾಡುವ ಪದ್ಧತಿ ಆ ಮನೆಯ ಸೊಸೆಯರಿಗೆ ಇರಲಿಲ್ಲ. ಕಾಶೀಬಾಯಿ ಇಪ್ಪತ್ತು ವರ್ಷದಿಂದ ಪಡಸಾಲೆಯ ಬಾಗಿಲ ಹಿಂದೆ ನಿಂತು, ಎದುರಿಗಿದ್ದ ಮತ್ತೊಬ್ಬರ ಹೆಸರು ಹಿಡಿದು, ಹೇಳಬೇಕಾದ್ದನ್ನು ಹೇಳುತ್ತ ಬಂದವಳು. ಅಂದು ಎದುರಿಗೆ ಇದ್ದವನು ಮಗ ಶ್ರೀಧರ.

"ಡಿಗ್ರಿ ಅಂದ್ರ ಪುಣೆ," ಎಂದರು ಕೃಷ್ಣಾಜಿರಾಯರು. "ನಮ್ಮ ಮನೆತನದಾಗ ಕಲಿತಾವರೆಲ್ಲಾ ಪುಣೆಕ್ಕ ಹೋಗ್ಯಾರ. ಧಾರವಾಡದ ಯುನಿವರ್ಸಿಟಿ ಅಂದ್ರ ಏನು? ನಿನ್ನೆ ತೊಟ್ಟಿಲಕ್ಕ ಹಾಕಿದ ಕೂಸು. ಅದಕ್ಕಿನ್ನೂ ಹಲ್ಲ ಬಂದಿಲ್ಲ, ಅದು ನಿನಗ ಏನು ಅಗದು ಕೊಟ್ಟೀತು?"

"ಶ್ರೀಧರಾ, ನಿಮ್ಮ ಕಾಕಾನವರಿಗೆ ಹೇಳು," ಎಂದಿತು ಬಾಗಿಲ ಹಿಂದಿನ ದನಿ. "ಪುಣೆದೂ ಅದ ಆಸುಪಾಸಿನಾಗ ಹುಟ್ಟಿದ್ದಂತ. ಎರಡೂ ಒಂದ ವಾರಿಗೀವು. ಇದಕ್ಕ ಹಲ್ಲಿಲ್ಲ ಅಂದ್ರ ಅದಕ್ಕೂ ಇಲ್ಲ."

"ಶ್ರೀಧರಾ, ನಿಮ್ಮ ಅವ್ವಗ ಹೇಳು. ಬಾಯಿ ಅದ ಅಂತ ಎಲ್ಲಾದಕ್ಕೂ ಉತ್ತರಾ ಕೊಡಬಾರದು."

ಶ್ರೀಧರ ಮಗ್ಗದ ಲಾಳಿಯಂತೆ ಆಚೆ ಈಚೆ ಮುಖ ತಿರುಗಿಸುತ್ತಿದ್ದ. ಹೇಳಿದ್ದನ್ನು ಇಬ್ಬರೂ ಕಿವಿಯಾರೆ ಕೇಳುತ್ತಿದ್ದರಾದ್ದರಿಂದ ಅವನು ಬಾಯಿ ತೆರೆಯುವ ಅವಶ್ಯಕತೆಯೇ ಇರಲಿಲ್ಲ.

ಕೃಷ್ಣಾಜಿರಾಯರು ಕಿಸೆಯಿಂದ ಪತ್ರ ತೆಗೆದರು. ಪುಣೆಯಲ್ಲಿ ಅಂಗಡಿ ಇಟ್ಟಿದ್ದ ರತ್ನಾಬಾಯಿಯ ತಮ್ಮ ಬರೆದದ್ದು. ಹುಡುಗ ನಮ್ಮ ಮನೆಯಲ್ಲಿ ಇರಲಿ, ಉಣ್ಣಲಿ, ಮನೆಯ ಮಗನ ಹಾಗೆ ಎಂದು ಮರಾಠಿಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ, ಮಡಚಿ, ಎಲೆಯಡಿಕೆಯ ತಬಕಿನ ಕೆಳಗಿಟ್ಟರು. ಮಧ್ಯದಲ್ಲಿ ಒಂದು ಕಡೆ ಅವರು ಕೆಮ್ಮಿದ್ದು ಕಾಶೀಬಾಯಿಗೆ ಕೇಳಿಸಿತು. ಅವರು ಸಂಜೆ ದೇವಸ್ಥಾನಕ್ಕೆ ಹೋದಾಗ ತಬಕು ಎತ್ತಿ, ಕೆಮ್ಮಿದ ಜಾಗ ಯಾವುದು ಎಂದು ಓದಿದಳು. "ಈ ವರ್ಷ ಮನೆಗೆ ಹೊಂದಿಕೊಳ್ಳಲಿ. ಮಕ್ಕಳಿಗೆ ಪಾಠ ಹೇಳಲಿ, ರೇಷನ್ ತರಲಿ, ಅಂಗಡಿಯಲ್ಲಿ ಕೂಡಲಿ. ಕಾಲೇಜಿನ ವಿಚಾರ ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಎಂಬುದು ಎಂಥ ವರ್ಷವೆಂದು ಕಾಶೀಬಾಯಿಗೆ ಗೊತ್ತಿತ್ತು. ಪುಣೆ ಎಂದರೆ ಯುನಿವರ್ಸಿಟಿಯಲ್ಲ, ಸಂಬಳವಿಲ್ಲದ ಆಳು. ಇಪ್ಪತ್ತರೊಳಗೆ ಮೂರು ಮನೆ ಸಿಗದಿದ್ದರೆ ಮಗ ಅಲ್ಲಿಗೇ.

ಮರುದಿನ ಬನಹಟ್ಟಿಯ ಗಿರಮಲ್ಲಪ್ಪ ಸೀರೆಯ ಗಂಟು ಹೊತ್ತು ಬಂದ. ತಿಂಗಳಿಗೊಮ್ಮೆ ಬಂದು ರತ್ನಾಬಾಯಿಯಿಂದ ಬೈಸಿಕೊಂಡು, ಒಂದು ಸೀರೆ ಮಾರಿ ಹೋಗುವುದು ಅವನ ರೂಢಿ. ಅಂದು ಗಂಟು ಬಿಚ್ಚುವ ಮೊದಲೇ ಬಾಯಿ ಬಿಚ್ಚಿದ.

"ನಮ್ಮ ನೇಕಾರರ ಸೊಸಾಯಟಿಗೆ ಹುಬ್ಬಳ್ಳಿ ಆಡಿಟರ ಬಂದಾನ್ರೀ ಬಾಯಾರ. ಯವ್ವಾ, ಏನ್ ಮನಷಾ ಅಂತೀನಿ! ಮೂರು ದಿವಸಾತು, ಒಂದ ಕಪ್ಪ ಚಾ ಕುಡದಿಲ್ಲ ನಮ್ಮ ಕೈಯಾಗ. ನಮ್ಮ ಅಧ್ಯಕ್ಷರು ದಿನಕ್ಕ ಎರಡ ಧೋತ್ರಾ ಬದಲಿ ಮಾಡಾಕತ್ತಾರ, ಅಷ್ಟು ಬೆವರು."

"ಯಾವ ಊರಾಂವ?" ಎಂದಳು ರತ್ನಾಬಾಯಿ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು.

"ಈ ಕಡೆದಾವನ ಅದಾನ್ರಿ. ಅನಗವಾಡಿ ಭಟ್ಟರ ಮಗಾ ಬಾಳಕೃಷ್ಣ. ಸಣ್ಣಾಂವಿದ್ದಾಗ ಇಲ್ಲೇ ಜಮಖಂಡ್ಯಾಗ ಹೈಸ್ಕೂಲ ಕಲಿತಿದ್ನಂತ. ಬಾಳು, ಬಾಳು ಅಂತಿದ್ರಂತ."

ರತ್ನಾಬಾಯಿಗೆ ಅದೇನೂ ನೆನಪಾಗಲಿಲ್ಲ. ಸೆರಗಿನ ಬಣ್ಣ ಹೋಗುತ್ತದೆಂದು ಜಗಳ ತೆಗೆದಳು. ಆದರೆ ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಶೀಬಾಯಿಯ ಕೈ ನಿಂತಿತು. ಬಾಳು! ಹದಿನಾಲ್ಕು ವರ್ಷದ ಹಿಂದೆ ಇದೇ ವಾಡೆಗೆ ವಾರದ ಊಟಕ್ಕೆ ಬರುತ್ತಿದ್ದ ಹುಡುಗ. ಹುಬ್ಬಳ್ಳಿಯಲ್ಲಿ ಆಡಿಟರನ ಮಾತಿಗೆ ಮೂರು ಮನೆ ತೆರೆಯುವುದು ದೊಡ್ಡದಲ್ಲ. ಅವಳಿಗೆ ಒಮ್ಮೆಲೇ ಆಸೆಯೂ ಆಯಿತು, ಅಳುಕೂ ಆಯಿತು. ಆಸೆಯನ್ನು ಮುಂದೆ ಮಾಡಿಕೊಂಡು ಮಗನನ್ನು ಕರೆದುಕೊಂಡು ನಾಳೆಯೇ ಬನಹಟ್ಟಿಗೆ ಹೋಗುವುದೆಂದು ಗೊತ್ತುಮಾಡಿದಳು. ನಾಳೆ ಗುರುವಾರ. ಖಾಸನೀಸರದು ದತ್ತನ ಮನೆತನ. ಗುರುವಾರ ಮಧ್ಯಾಹ್ನ ಮನೆಮಂದಿಗೆಲ್ಲ ಉಪವಾಸ, ಒಲೆ ಹೊತ್ತುವುದೇ ರಾತ್ರಿ ಆರತಿಯಾದ ಮೇಲೆ. ವಾರದಲ್ಲಿ ಅವಳಿಗೆ ಮನೆ ಬಿಟ್ಟು ಹೋಗಲು ಬರುತ್ತಿದ್ದ ದಿನ ಅದೊಂದೇ.

ಬನಹಟ್ಟಿಯಲ್ಲಿ ಬಸ್ಸಿಳಿದರೆ ಓಣಿಯ ತುಂಬ ಮಗ್ಗದ ಸದ್ದು. ಸೊಸಾಯಟಿಯ ಆಫೀಸಿನಲ್ಲಿ ನೂಲಿನ ಹೊರೆಗಳ ನಡುವೆ ಒಂದು ಮೇಜು, ಮೇಜಿನ ಹಿಂದೆ ಕನ್ನಡಕದ ಒಬ್ಬ ತೆಳ್ಳಗಿನ ಮನುಷ್ಯ. ಮೂವತ್ತು ಮುಟ್ಟಿರಬಹುದು. ಪಕ್ಕದ ಖುರ್ಚಿಯ ಮೇಲೆ ಖಾತೆ ಪುಸ್ತಕಗಳಿದ್ದವು. ಅವನ್ನು ತೆಗೆದರೆ ಒಬ್ಬರು ಕೂಡಬಹುದಿತ್ತು. ಅವನು ತೆಗೆಯಲಿಲ್ಲ.

"ಜಮಖಂಡಿ ಖಾಸನೀಸರ ಮನಿಯವರು. ಹೂಂ. ಗುರುತು ಸಿಕ್ತು. ಹೇಳ್ರಿ."

ಕಾಶೀಬಾಯಿ ಮಗನ ಮಾರ್ಕು ಹೇಳಿದಳು, ಆಡಿಟರ್ ಆಗಬೇಕೆಂಬ ಅವನ ಆಸೆ ಹೇಳಿದಳು, ಹುಬ್ಬಳ್ಳಿ ಹೇಳಿದಳು, ಪುಣೆ ಹೇಳಿದಳು. ಅವನು ಕೇಳುತ್ತ ಶ್ರೀಧರನನ್ನೇ ನೋಡುತ್ತಿದ್ದ.

"ಯಾಕ ಆಡಿಟರ ಆಗಬೇಕು ನಿನಗ? ತಲಾಠಿ ಆಗು, ಮಾಸ್ತರ ಆಗು. ಹೊಟ್ಟಿಗೆ ಸಾಲ್ತದ."

ಶ್ರೀಧರ ತಾಯಿಯ ಮುಖ ನೋಡಿ, ಆಮೇಲೆ ನೆಲ ನೋಡಿ ಹೇಳಿದ. "ಸಂಸ್ಥಾನ ಹೋದ ವರ್ಷ ಮುಂಬಯಿ ಸರಕಾರದ ಆಡಿಟರ ಕಚೇರಿಗೆ ಬಂದಿದ್ರು. ನಾ ಕಾಕಾನ ಊಟದ ಡಬ್ಬಿ ಒಯ್ದಿದ್ದೆ. ಅವರು ಒಳಗ ಬಂದ ಕೂಡಲೆ ಎಲ್ಲಾರೂ ಎದ್ದು ನಿಂತ್ರು. ನಮ್ಮ ಕಾಕಾನೂ ಎದ್ದು ನಿಂತ. ಅಂವ ಯಾರಿಗೂ ಎದ್ದದ್ದು ನಾ ನೋಡಿರಲಿಲ್ಲ."

ಬಾಳಕೃಷ್ಣ ಗಟ್ಟಿಯಾಗಿ ನಕ್ಕ. ಹೊರಗಿದ್ದ ಅಧ್ಯಕ್ಷರು ಗಾಬರಿಯಾಗಿ ಒಳಗೆ ಇಣುಕಿ ಹೋದರು.

"ಇದು ಖರೆ ಉತ್ತರ. ಹಂಗಾರ ಕೇಳು. ನಾ ಕಲಿತದ್ದು ಪುಣೆದಾಗ. ಯುನಿವರ್ಸಿಟಿ ಹೆಸರು ಕಟ್ಟು ಹಾಕಿಸಿ ಗ್ವಾಡಿಗೆ ಹಚ್ಚಲಿಕ್ಕೆ ಛಲೋ. ಆದ್ರ ಡಿಗ್ರಿ ಆದ ಮ್ಯಾಲೆ ಮೂರು ವರ್ಷ ಒಬ್ಬ ಆಡಿಟರನ ಕೈಕೆಳಗ ದುಡೀಬೇಕು, ಇಲ್ಲಂದ್ರ ಪರೀಕ್ಷಾಕ್ಕ ಕೂಡಸೂದಿಲ್ಲ. ಪುಣೆದಾಗ ಒಬ್ಬೊಬ್ಬ ಆಡಿಟರನ ಬಾಗಲಾಗ ನೂರು ಹುಡುಗರು. ಒಳಗ ಬಿಡಲಿಕ್ಕೆ ಅವರ ತಿರುಗಿ ರೊಕ್ಕಾ ಕೇಳ್ತಾರ. ಹುಬ್ಬಳ್ಳ್ಯಾಗ ಹತ್ತಿ ಅಡತಿ ಅವ, ಗಿರಣಿ ಅವ, ಬ್ಯಾಂಕ ಅವ. ಆಡಿಟರು ಬೆರಳ ಮ್ಯಾಲೆ ಎಣಸೂವಷ್ಟು. ನಮಗ ಹುಡುಗರು ಸಿಗವಲ್ಲರು. ಯುನಿವರ್ಸಿಟಿ ಆರಸೂದಂದ್ರ ಆಮ್ಯಾಲೆ ಯಾರ ಬಾಗಲಾ ತಗೀತದ ಅಂತ ನೋಡೂದು. ತಿಳೀತಿಲ್ಲೋ?"

"ತಿಳೀತ್ರಿ."

"ಮೂರು ದಿನ ಉಳದಾವರಿ," ಎಂದಳು ಕಾಶೀಬಾಯಿ. "ಮಂಗಳವಾರ, ಗುರುವಾರ, ಶುಕ್ರವಾರ. ನೀವು ಒಂದ ಮಾತು ಹಾಕಿದ್ರ..."

ಅವನ ಮುಖದಲ್ಲಿದ್ದ ನಗೆ ಅಲ್ಲಿಗೇ ಆರಿತು. "ಇವತ್ತ ಯಾವ ವಾರ, ಬಾಯಾರ?"

"ಗುರುವಾರ."

"ಅದಕ್ಕ ನಿಮಗ ಬರಲಿಕ್ಕೆ ಆತು. ಗುರುವಾರ ಮಧ್ಯಾಹ್ನ ಖಾಸನೀಸರ ವಾಡೆದಾಗ ಒಲಿ ಹೊತ್ತೂದಿಲ್ಲ. ಅದು ನನಗಿಂತ ಛಲೋ ಯಾರಿಗೆ ಗೊತ್ತದ?" ಅವನು ಲೇಖಣಿಯ ಟೊಪ್ಪಿಗೆ ಹಾಕಿ ಮೇಜಿನ ಮೇಲಿಟ್ಟ. "ತಮ್ಮಾ ಶ್ರೀಧರಾ, ನೀ ಕೇಳು. ನಿಮ್ಮ ಮನ್ಯಾಗ ನನಗ ವಾರ ಕೊಟ್ಟಿದ್ರು. ಯಾವ ದಿನ? ಗುರುವಾರ. ಊರಿಗೆ ಹೇಳಿಕೊಳ್ಳಲಿಕ್ಕೆ ಖಾಸನೀಸರು ಒಂದು ಹುಡುಗಗ ಅನ್ನಾ ಹಾಕ್ತಾರ ಅಂತ ಆತು, ಅನ್ನಾ ಹಾಕೂ ತ್ರಾಸೂ ತಪ್ಪಿತು. ಹನ್ನೆರಡಕ್ಕ ಬಂದು ಬಾಗಲಾಗ ನಿಂತ್ರ ಒಂದು ಹಿಡಿ ಹುರದ ಶೇಂಗಾ, ಒಂದು ವಾಟಿ ಮಜ್ಜಿಗಿ. ನನಗ ದಿನಕ್ಕ ಇದ್ದದ್ದ ಒಂದ ಊಟ. ಬುಧವಾರ ಮಧ್ಯಾಹ್ನ ಉಂಡ್ರ ಮತ್ತ ಶುಕ್ರವಾರ ಮಧ್ಯಾಹ್ನ. ಎರಡು ವರ್ಷ, ತಪ್ಪದ."

ಶ್ರೀಧರನ ಕಿವಿ ಕೆಂಪಾಗಿತ್ತು.

"ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ, ಬಾಯಾರ," ಎಂದ ಅವನು ಕಾಶೀಬಾಯಿಗೆ. "ನೀವು ಪಾಪ, ಆವಾಗ ಸಣ್ಣ ಸೊಸಿ. ಆ ಹಿರೇ ಬಾಯಿ, ರತ್ನಾಬಾಯಿ, ಅಕೀದ ಕಾರಭಾರ ಅದು. ನನಗ ಗೊತ್ತದ. ಹದಿನಾಲ್ಕು ವರ್ಷದಿಂದ ಆಕಿ ಮುಖದ ಮ್ಯಾಲೆ ಒಂದ ಮಾತು ಹೇಳಬೇಕಂತ ಇಟ್ಕೊಂಡೇನಿ. ಮಂಗಳವಾರ ನಮ್ಮ ಆಫೀಸಿನ ಹಿರೇ ಕಾರಕೂನರ ಮನಿ, ಶುಕ್ರವಾರ ನಮ್ಮ ಮಾವನ ಮನಿ, ಗುರುವಾರ ನನ್ನ ಮನಿ. ಪತ್ರಾ ಬರದು ಕೊಡ್ತೀನಿ. ಆದ್ರ ಇಲ್ಲಿ ಕೊಡೂದಿಲ್ಲ. ಶನಿವಾರ ನಿಮ್ಮ ವಾಡೆಕ್ಕ ಬಂದು, ಪಡಸಾಲ್ಯಾಗ, ಆಕಿ ಕಣ್ಣ ಮುಂದ ಕೊಡ್ತೀನಿ."

ಕಾಶೀಬಾಯಿಯ ನಾಲಗೆ, ಊರೆಲ್ಲ ಉದ್ದವೆನ್ನುತ್ತಿದ್ದ ನಾಲಗೆ, ಒಣಗಿ ಅಂಗುಳಕ್ಕೆ ಹತ್ತಿತು. ಏಕೆಂದರೆ ಬಾಳುವಿಗೆ ಗುರುವಾರ ಕೊಟ್ಟವಳು ರತ್ನಾಬಾಯಿಯಲ್ಲ. ತಾನು. ಹೇಳಬೇಕೆಂದು ಬಾಯಿ ತೆರೆದಳು, ಮೂರು ಮನೆ ಕಣ್ಣಿಗೆ ಕಟ್ಟಿದವು. ಬಾಯಿ ಮುಚ್ಚಿದಳು. "ನಿಮ್ಮ ಉಪಕಾರ ಆತು" ಎಂದು ಹೇಳಿ ಹೊರಗೆ ಬಂದಳು.

ಬಸ್ಸಿನಲ್ಲಿ ಶ್ರೀಧರ ತಡೆಯಲಾರದೆ ಅಂದ, "ಅವ್ವಾ, ರತ್ನಾ ಕಾಕು ಕೆಟ್ಟಾಕಿ ಅಂತ ಗೊತ್ತಿತ್ತು. ಒಬ್ಬ ಹಸಿದ ಹುಡುಗಗ ಇಷ್ಟು ಮಾಡ್ಯಾಳಂದ್ರ..."

"ಸುಮ್ಮನ ಕೂಡು. ಮಂದಿ ಕೇಳ್ತಾರ," ಎಂದಳು.

ಶನಿವಾರ ಮಧ್ಯಾಹ್ನ ಬಾಳಕೃಷ್ಣ ಬಂದ. ಆಡಿಟರ್ ಎಂದ ಕೂಡಲೇ ಕೃಷ್ಣಾಜಿರಾಯರು ಎದ್ದೇ ನಿಂತರು. ಗಾದಿಯ ಮೇಲೆ ಕೂಡಿಸಿ, ಯಾವ ಊರು, ಯಾರ ಪೈಕಿ ಎಂದೆಲ್ಲ ಆದರದಿಂದ ಕೇಳಿದರು. ಅವನು ಯಾವುದಕ್ಕೂ ನೆಟ್ಟಗೆ ಉತ್ತರ ಕೊಡದೆ, ಕಿಸೆಯಿಂದ ಮಡಚಿದ ಪತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಾದ. ರತ್ನಾಬಾಯಿ ಚಹಾ ತಂದಳು.

"ಚಾ ಬ್ಯಾಡ್ರಿ. ಶೇಂಗಾ ಇದ್ರ ಒಂದು ಹಿಡಿ ಕೊಡ್ರಿ," ಎಂದ.

"ಶೇಂಗಾ?" ರತ್ನಾಬಾಯಿ ಹುಬ್ಬೇರಿಸಿದಳು.

"ನಿಮ್ಮ ಮನ್ಯಾಗ ನಾ ಅದನ್ನ ತಿಂದು ಬೆಳದಾಂವ. ಬಾಳು. ಗುರುವಾರದ ಬಾಳು. ಮರತ್ರೇನು? ಉಪವಾಸದ ದಿನಾ ನೋಡಿ ಹುಡುಗಗ ವಾರ ಕೊಟ್ಟು ಪುಣ್ಯಾ ಕಟ್ಕೊಂಡ್ರಲ್ಲಾ, ಅದನ್ನ ನೋಡಿ ಹೋಗೂಣಂತ ಬಂದೆ. ನಿಮ್ಮ ಮೈದುನನ ಮಗಾ ಪುಣೆಕ್ಕ ನಿಮ್ಮ ತಮ್ಮನ ಮನಿ ನೀರು ತುಂಬಲಿಕ್ಕೆ ಹೋಗೂದಿಲ್ಲ. ಹುಬ್ಬಳ್ಳಿಗೆ ಬರ್ತಾನ. ಗುರುವಾರ ನನ್ನ ಮನ್ಯಾಗ ಉಣ್ತಾನ, ತುಪ್ಪಾ ಹಾಕಿಸಿಕೊಂಡು."

ಕೃಷ್ಣಾಜಿರಾಯರ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. ರತ್ನಾಬಾಯಿ ಚಹಾದ ತಾಟನ್ನು ಕೆಳಗಿಟ್ಟಳು. ಕೂಗುತ್ತಾಳೆಂದು ಎಲ್ಲರೂ ತಿಳಿದರು. ಅವಳು ಕೂಗಲಿಲ್ಲ. ಅವಳಿಗೆ ನಿಜವಾದ ಸಿಟ್ಟು ಬಂದಾಗ ದನಿ ಸಣ್ಣದಾಗುತ್ತಿತ್ತು.

"ಯಪ್ಪಾ ಆಡಿಟರಾ, ಮಂದಿ ಖಾತಿ ತಪಾಸ ಮಾಡೂಕಿಂತ ಮೊದಲ ನಿಂದೊಂದು ನೆಟ್ಟಗ ನೋಡ್ಕೋ. ನಾ ಕೆಟ್ಟಾಕಿ. ಹೌದು. ಊರಿಗೇ ಗೊತ್ತದ. ಆದ್ರ ನನ್ನ ಕೆಟ್ಟತನಾ ಎಲ್ಲಾ ನಾ ಮುಖದ ಮ್ಯಾಲೆ ಮಾಡ್ತೀನಿ. ನಾ ನಿನಗ ರವಿವಾರ ಕೊಡೋಣಂದಿದ್ದೆ. ಗುರುವಾರ ಇರಲಿ ಅಂದಾಕಿ ಯಾರು ಅಂತ ಆ ಬಾಗಲಾ ಹಿಂದ ನಿಂತಾಳಲ್ಲ, ಆಕಿನ್ನ ಕೇಳು. ಎರಡು ವರ್ಷ ನಿನ್ನ ಕೈಯಾಗ ಶೇಂಗಾ ಹಾಕಿದಾಕಿನೂ ಆಕೀನ. ನೀ ಈಗ ಗುರುವಾರ ಅನ್ನೂತನಕಾ ನೀ ಯಾರಂತನೂ ನನಗ ನೆನಪಿರಲಿಲ್ಲ."

ಶ್ರೀಧರ ಬಾಗಿಲ ಕಡೆ ತಿರುಗಿದ. ಅವನ ಮುಖದಲ್ಲಿ ಇನ್ನೂ ಒಂದು ನಂಬಿಕೆ ಇತ್ತು, ಅವ್ವ ಈಗ ಇಲ್ಲವೆನ್ನುತ್ತಾಳೆ ಎಂದು.

ಕಾಶೀಬಾಯಿ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು, ಆದರೆ ಭಾವನ ಎದುರಿಗೇ ನಿಂತಳು.

"ಹೌದು. ನಾನ ಕೊಟ್ಟಾಕಿ," ಎಂದಳು. "ಆರು ದಿನ ಹದಿನಾಲ್ಕು ಮಂದಿಗೆ ನಾ ಒಬ್ಬಾಕಿ ಅಡಗಿ ಮಾಡ್ತಿದ್ದೆ. ನನಗಂತ ಇದ್ದದ್ದು ಗುರುವಾರ ಮಧ್ಯಾಹ್ನ ಒಂದು. ನಮ್ಮವರು ಒಂದ ಮಾತು ಕೇಳದ ನಿಮ್ಮನ್ನ ಕರಕೊಂಡು ಬಂದು, ಇವಗೊಂದು ದಿನಾ ಕೊಡು ಅಂದ್ರು. ಅವರ ಮ್ಯಾಲೆ ಸಿಟ್ಟು ಬಂತು. ಗುರುವಾರ ಬರಲಿ ಅಂದೆ. ಸಿಟ್ಟು ಅವರ ಮ್ಯಾಲಿಂದು, ಉಪವಾಸ ನಿಮಗ ಬಿತ್ತು. ಎರಡನೇ ವಾರಕ್ಕ ತಪ್ಪಾತು ಅಂತ ತಿಳೀತು. ತಿಳದೂ ಬದಲಿ ಮಾಡಲಿಲ್ಲ."

"ಬನಹಟ್ಟ್ಯಾಗ ನಾ ಅಷ್ಟೆಲ್ಲಾ ಹೇಳಿದಾಗ ಯಾಕ ಸುಮ್ಮನ ಇದ್ರಿ?"

"ಹೇಳಿದ್ರ ಪತ್ರಾ ಕೊಡ್ತಿದ್ರೇನು?"

"ಇಲ್ಲ."

"ಅದಕ್ಕ ಹೇಳಲಿಲ್ಲ."

ಬಾಳಕೃಷ್ಣ ಹದಿನಾಲ್ಕು ವರ್ಷ ಹೊತ್ತು ತಿರುಗಿದ ಮಾತನ್ನು ತಪ್ಪು ಬಾಗಿಲಲ್ಲಿ ಇಳಿಸಿ ಬರಿಗೈಯಾದವನ ಹಾಗೆ ಕಂಡ. ಆಮೇಲೆ ತೊಡೆಯ ಮೇಲಿನ ಪತ್ರವನ್ನು ಮತ್ತೆ ಕಿಸೆಗೆ ಹಾಕಿ ಎದ್ದು, ರತ್ನಾಬಾಯಿಯ ಕಡೆ ತಿರುಗಿದ. "ನಿಮಗ ಅಂದದ್ದು ನಂದು ತಪ್ಪಾತು." ಅವಳು ಮುಖ ತಿರುವಿದಳು. ಅವನು ಜೋಡು ಮೆಟ್ಟಿಕೊಳ್ಳಲು ಅಂಗಳಕ್ಕಿಳಿದ.

"ಆತಲ್ಲ?" ಎಂದರು ಕೃಷ್ಣಾಜಿರಾಯರು, ಬಟ್ಟಲು ಕೆಳಗಿಟ್ಟು. "ನಾ ಮೊದಲ ಹೇಳಿದ್ದೆ. ಪುಣೆ. ಸೋಮವಾರ ಹೊರಡ್ಲಿ."

ಶ್ರೀಧರ ಅವರ ಮಾತು ಕೇಳದವನಂತೆ ಅಂಗಳಕ್ಕೆ ಇಳಿದ.

"ಸಾಹೇಬ್ರ, ನಾ ಹುಬ್ಬಳ್ಳಿಗೇ ಬರ್ತೀನಿ."

"ಬಾ. ಊರು ನಂದಲ್ಲ," ಎಂದ ಬಾಳಕೃಷ್ಣ, ಬಗ್ಗಿ ಜೋಡಿನ ಪಟ್ಟಿ ಸರಿಮಾಡಿಕೊಳ್ಳುತ್ತ. "ಪತ್ರಾ ಕೇಳಬ್ಯಾಡ."

"ಕೇಳೂದಿಲ್ಲ. ನಾಲ್ಕು ದಿನ ಅವ. ಉಳದ ಮೂರು ದಿನದ್ದು ಒಂದು ಮಾತು ಕೇಳ್ತೀನಿ. ನೀವು ಗುರುವಾರ ಮಧ್ಯಾಹ್ನ ಏನು ಮಾಡ್ತಿದ್ರಿ?"

ಬಾಳಕೃಷ್ಣ ನೆಟ್ಟಗೆ ನಿಂತ. "ಸಾಲಿ ಹಿಂದಿನ ಬಾವ್ಯಾಗ ಹೊಟ್ಟಿ ತುಂಬ ನೀರು ಕುಡದು, ವರ್ಗದಾಗ ಹೋಗಿ ಕೂತು ಗಣಿತ ಬಿಡಸ್ತಿದ್ದೆ. ಗಣಿತ ಬಿಡಸೂ ಮುಂದ ಹಸಿವು ಒಂದು ತಾಸು ತಡೀತದ. ಆಮ್ಯಾಲೆ ತಡಿಯೂದಿಲ್ಲ."

"ಒಂದು ತಾಸು," ಎಂದ ಶ್ರೀಧರ. "ಆತು."

ಆಡಿಟರ್ ಹೊರಬಾಗಿಲು ದಾಟಿದ. ಅವನ ಜೋಡಿನ ಸಪ್ಪಳ ಓಣಿಯ ತಿರುವಿನಲ್ಲಿ ಒಂದು ಗಳಿಗೆ ನಿಂತಂತೆ ಕಾಶೀಬಾಯಿಗೆ ಕೇಳಿಸಿತು, ಮತ್ತೆ ನಡೆಯಿತು.

"ನಾಲ್ಕು ದಿನ ಉಂಡು ಆಡಿಟರ ಆಗ್ತಾನಂತ!" ರತ್ನಾಬಾಯಿಯ ದನಿ ಮೊದಲಿನ ಎತ್ತರಕ್ಕೆ ಬಂದಿತ್ತು. "ಅವ್ವಗ ತಕ್ಕ ಮಗಾ."

"ಅವ್ವನ ಹೆಸರು ತಗೀಬ್ಯಾಡ, ಕಾಕು," ಎಂದ ಶ್ರೀಧರ. ಅದು ತಾಯಿಯ ಪರವಾಗಿ ಆಡಿದ ಮಾತಲ್ಲವೆಂದು ಅಲ್ಲಿದ್ದವರಿಗೆಲ್ಲ ತಿಳಿಯಿತು.

ಸೋಮವಾರ ಮುಂಜಾನೆ ಅವನು ಟ್ರಂಕು ತಾನೇ ಹೊತ್ತ. ಕಾಶೀಬಾಯಿ ಹಿಡಿಕೆಗೆ ಕೈ ಹಾಕಿದರೆ ಬಿಡಿಸಿಕೊಂಡ. ಬಸ್ ಸ್ಟ್ಯಾಂಡಿನವರೆಗೆ ಮೂರು ಹೆಜ್ಜೆ ಮುಂದೆಯೇ ನಡೆದ.

"ಸಿಟ್ಟಿದ್ರ ಬೈಯಪ್ಪಾ. ಮಾತಾಡದ ಹೋಗಬ್ಯಾಡ," ಎಂದಳು ಬಸ್ಸಿನ ಕಿಟಕಿಯ ಕೆಳಗೆ ನಿಂತು.

"ಮೂರು ದಿನ ಕಾಕುನ್ನ ಬೈಕೋತ ಇದ್ದೆ ನಾ," ಎಂದ ಅವನು. "ನೀ ಕೇಳಿಕೋತ ಕೂತಿದ್ದಿ. ಬಾಜೂಕ ಕೂತು."

"ನಿನಗಾಗಿ..."

"ನನಗಾಗಿ ಇನ್ನ ಯಾರ ಮನಿ ಬಾಗಲಾನೂ ಬಡೀಬ್ಯಾಡ. ಆ ನಾಲ್ಕು ಸಾಕು. ಮುಂದಿಂದು ನಾ ನೋಡ್ಕೋತೀನಿ. ಪತ್ರಾನೂ ನಾ ಬರೀತೀನಿ, ನೀ ಬರೀಬ್ಯಾಡ."

ಕಂಡಕ್ಟರ್ ಗಂಟೆ ಬಾರಿಸಿದ. ಬುತ್ತಿಯ ಗಂಟನ್ನು ಕಿಟಕಿಯಿಂದ ತುರುಕಿದಳು. ತೆಗೆದುಕೊಂಡ. ಅಷ್ಟು ಮಟ್ಟಿಗೆ ಹಸಿವು ಅವನಿಗೂ ಗೊತ್ತಿತ್ತು.

ಕಾರ್ಡು ಬಂದದ್ದು ಶ್ರಾವಣ ಹತ್ತುವ ಹೊತ್ತಿಗೆ. ಪೋಸ್ಟಮನ್ ಓಣಿಗೆ ಕೇಳುವಂತೆ "ಹುಬ್ಬಳ್ಳೀದು!" ಎಂದು ಕೂಗಿ ಕೊಟ್ಟುಹೋದ. ಕಾಶೀಬಾಯಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅಂಗಳದಲ್ಲೇ ನಿಂತು ಓದಿದಳು.

"ಹೆಸರು ದಾಖಲಾಗಿದೆ. ಅಕೌಂಟನ್ಸಿ ಕಠಿಣವಿಲ್ಲ, ಇಂಗ್ಲಿಷ್ ಕಠಿಣವಿದೆ. ನಾಲ್ಕು ಮನೆ ಸರಿಯಾಗಿ ನಡೆದಿವೆ. ಹೋದ ವಾರದಿಂದ ಮಂಗಳವಾರವೂ ಒಂದು ಮನೆ ಆಗಿದೆ. ಯಾರು ಹೇಳಿದ್ದೆಂದು ಕೇಳಬೇಡ. ಶ್ರೀಧರ."

"ಏನಂತ ಬರದಾನ?" ರತ್ನಾಬಾಯಿ ಕಟ್ಟೆಯ ಮೇಲಿಂದ ಕುತ್ತಿಗೆ ಚಾಚಿದಳು.

"ಮಂಗಳವಾರ ಒಂದು ಮನಿ ಆತಂತ."

"ಆ ಆಡಿಟರನ ಕೊಡಿಸಿರಬೇಕು. ಮೂರು ಕೊಡ್ತೀನಂತ ಬಂದಾಂವ ಒಂದು ಕೊಟ್ಟಾನ, ನೋಡು. ಉಳದದ್ದು ನಿನಗ ದಂಡ. ಗುರುವಾರ, ಶುಕ್ರವಾರ ಏನ್ ತಿಂತಾನಂತ?"

"ಬರದಿಲ್ಲ."

"ಕೇಳಿ ಬರಿ ಮತ್ತ."

"ಕೇಳಬ್ಯಾಡ ಅಂದಾನ."

"ಅಂದಾನಂತ ಸುಮ್ಮನ ಇರ್ತೀಯೇನ? ಎಂಥಾ ತಾಯಿಯವಾ ನೀ?"

ಈ ಮಾತಿಗೂ ಒಂದು ಉತ್ತರ ಕಾಶೀಬಾಯಿಯ ಬಾಯಿಗೆ ಬಂದಿತ್ತು. ಆಡಲಿಲ್ಲ. ಕಾರ್ಡನ್ನು ಇನ್ನೊಮ್ಮೆ ಮೇಲಿನಿಂದ ಓದಿದಳು. ಜಮಖಂಡಿಯ ಮಕ್ಕಳು ಎಷ್ಟೇ ಅವಸರದಲ್ಲಿದ್ದರೂ, ದುಡ್ಡು ಬೇಡಿ ಬರೆದರೂ, ಜಗಳವಾಡಿ ಬರೆದರೂ, ಮೇಲ್ಗಡೆ 'ತೀರ್ಥರೂಪ ಮಾತೋಶ್ರೀಯವರ ಪಾದಗಳಿಗೆ' ಎಂದು ಒಂದು ಸಾಲು ಬರೆಯದೆ ಬಿಡುವುದಿಲ್ಲ. ಈ ಕಾರ್ಡಿನ ಮೇಲ್ಗಡೆ ಎರಡು ಬೆರಳು ಜಾಗ ಇತ್ತು. ಏನೂ ಬರೆದಿರಲಿಲ್ಲ.